ಆನ್‌ಲೈನ್ ಆರೋಗ್ಯ ತಪ್ಪು ಮಾಹಿತಿಯ ನಿಯಂತ್ರಣ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ (ಕರ್ನಾಟಕ)

ಆನ್‌ಲೈನ್ ಆರೋಗ್ಯ ತಪ್ಪು ಮಾಹಿತಿಯ ನಿಯಂತ್ರಣ ಎಂದರೆ ರೋಗ, ಔಷಧ, ಲಸಿಕೆ, ಆಹಾರ ಮತ್ತು ಚಿಕಿತ್ಸೆಗಳ ಬಗ್ಗೆ ಅಂತರಜಾಲದಲ್ಲಿಯೂ ಸಾಮಾಜಿಕ ಜಾಲತಾಣಗಳಲ್ಲಿಯೂ ಹರಡುವ ಆಧಾರರಹಿತ ಹೇಳಿಕೆಗಳನ್ನು ತಡೆಯಲು ಸರ್ಕಾರವು ಕೈಗೊಳ್ಳುವ ಕಾನೂನು ಹಾಗೂ ಆಡಳಿತ ಕ್ರಮಗಳು. ಭಾರತದಲ್ಲಿ ಇದಕ್ಕಾಗಿಯೇ ರೂಪಿಸಿದ ಪ್ರತ್ಯೇಕ ಕೇಂದ್ರ ಕಾನೂನು ಇಲ್ಲ. ಜಾಹೀರಾತು, ಸಾಂಕ್ರಾಮಿಕ ರೋಗ, ವಿಪತ್ತು ನಿರ್ವಹಣೆ, ಮಾಹಿತಿ ತಂತ್ರಜ್ಞಾನ, ಗ್ರಾಹಕ ರಕ್ಷಣೆ ಮತ್ತು ದಂಡ ಸಂಹಿತೆಗೆ ಸೇರಿದ ಹಲವು ಕಾನೂನುಗಳನ್ನು ಸಂದರ್ಭಕ್ಕೆ ತಕ್ಕಂತೆ ಬಳಸಲಾಗುತ್ತದೆ. ಕರ್ನಾಟಕದಲ್ಲಿ ಈ ವಿಷಯವು 2017ರ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ, ಕೋವಿಡ್-19 ಸಾಂಕ್ರಾಮಿಕ ಮತ್ತು 2025ರ ಸುಳ್ಳು ಸುದ್ದಿ ನಿಷೇಧ ಕರಡು ಮಸೂದೆಯ ಸಂದರ್ಭಗಳಲ್ಲಿ ವಿಶೇಷವಾಗಿ ಚರ್ಚೆಗೆ ಬಂದಿತು. ಸುಳ್ಳನ್ನು ಮಾರಿ ಲಾಭ ಪಡೆಯುವವನನ್ನೂ, ಅದನ್ನು ನಂಬಿ ಬಂಧುಗಳಿಗೆ ಕಳುಹಿಸುವವನನ್ನೂ ಕಾನೂನು ಒಂದೇ ರೀತಿ ಕಾಣಬಹುದೇ ಎಂಬುದು ಈ ಚರ್ಚೆಯ ಮುಖ್ಯ ಪ್ರಶ್ನೆ.

ಪರಿಭಾಷೆ

ಈ ವಿಷಯದ ಚರ್ಚೆಯಲ್ಲಿ ಮೂರು ಪದಗಳನ್ನು ಬೇರ್ಪಡಿಸಿ ನೋಡುವುದು ರೂಢಿ. ಹೇಳುವವನು ನಿಜವೆಂದೇ ನಂಬಿ ಹಂಚುವ ತಪ್ಪು ಸಂಗತಿಯನ್ನು ತಪ್ಪು ಮಾಹಿತಿ ಎನ್ನುತ್ತಾರೆ. ಸುಳ್ಳೆಂದು ತಿಳಿದೂ ಲಾಭಕ್ಕಾಗಿ ಅಥವಾ ಹಾನಿ ಮಾಡಲು ಹರಡುವುದು ದುರುದ್ದೇಶದ ಸುಳ್ಳು. ಸುದ್ದಿಯ ರೂಪ ತೊಟ್ಟು ಬರುವ ಕಟ್ಟುಕಥೆ ಸುಳ್ಳು ಸುದ್ದಿ. ರೋಗದ ಜೊತೆಯಲ್ಲಿಯೇ ನಿಜ ಮತ್ತು ಸುಳ್ಳು ಮಾಹಿತಿಗಳೆರಡೂ ಮಿತಿಮೀರಿ ಹರಡಿ, ಯಾವುದನ್ನು ನಂಬಬೇಕೆಂದು ಜನರಿಗೆ ತಿಳಿಯದಾಗುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2020ರ ಫೆಬ್ರವರಿಯಲ್ಲಿ 'ಇನ್ಫೋಡೆಮಿಕ್' ಎಂದು ಕರೆಯಿತು.

ಆರೋಗ್ಯದ ವಿಷಯದಲ್ಲಿ ಇನ್ನೊಂದು ತೊಡಕಿದೆ. ವಿಜ್ಞಾನದ ತಿಳಿವಳಿಕೆ ಕಾಲಕಾಲಕ್ಕೆ ಬದಲಾಗುತ್ತದೆ. ಕೋವಿಡ್‌ನ ಆರಂಭದ ತಿಂಗಳುಗಳಲ್ಲಿ ಆರೋಗ್ಯವಂತರು ಮುಖಗವಸು ಧರಿಸುವ ಅಗತ್ಯವಿಲ್ಲವೆಂದು ಹೇಳಿದ ಅಧಿಕೃತ ಸಂಸ್ಥೆಗಳೇ ಮುಂದೆ ಅದನ್ನು ಶಿಫಾರಸು ಮಾಡಿದವು. ಆದುದರಿಂದ ಒಂದು ದಿನ ಅಧಿಕೃತ ಸಲಹೆಗೆ ವಿರುದ್ಧವಾಗಿದ್ದ ಮಾತು ಎಂದೆಂದಿಗೂ ಸುಳ್ಳಾಗಿಯೇ ಉಳಿಯುತ್ತದೆ ಎನ್ನಲಾಗದು.

ಹಿನ್ನೆಲೆ

ದಡಾರ-ರುಬೆಲ್ಲಾ ಲಸಿಕಾ ಅಭಿಯಾನವು 2017ರ ಫೆಬ್ರವರಿ 5ರಂದು ಬೆಂಗಳೂರಿನಲ್ಲಿ ಆರಂಭವಾಯಿತು. ಮೊದಲ ಹಂತದಲ್ಲಿ ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ ಮತ್ತು ಲಕ್ಷದ್ವೀಪಗಳ 9 ತಿಂಗಳಿನಿಂದ 15 ವರ್ಷದೊಳಗಿನ ಸುಮಾರು 3.6 ಕೋಟಿ ಮಕ್ಕಳಿಗೆ ಲಸಿಕೆ ನೀಡುವ ಗುರಿಯಿತ್ತು. ಶಾಲೆಗಳಲ್ಲಿಯೇ ಲಸಿಕೆ ಹಾಕುವ ವ್ಯವಸ್ಥೆಯಾಗಿತ್ತು. ಲಸಿಕೆಯಿಂದ ಮಕ್ಕಳಿಗೆ ಅಪಾಯವಿದೆ ಎಂಬ ವಾಟ್ಸ್‌ಆ್ಯಪ್ ಸಂದೇಶಗಳು ಹರಡಿದ್ದರಿಂದ ಹಲವು ಪೋಷಕರು ಒಪ್ಪಿಗೆ ನೀಡಲು ಹಿಂಜರಿದರು.

2018ರ ಜುಲೈಯಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರೆಂಬ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು. ಇದು ಆರೋಗ್ಯಕ್ಕೆ ಸಂಬಂಧಿಸಿದ ವದಂತಿಯಲ್ಲ. ಆದರೂ ದೇಶದ ಹಲವೆಡೆ ನಡೆದ ಇಂಥ ಘಟನೆಗಳು ವದಂತಿ ಹರಡುವ ವೇಗದತ್ತ ಗಮನ ಸೆಳೆದವು. ಅದೇ ತಿಂಗಳು ವಾಟ್ಸ್‌ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಕಳುಹಿಸದಂತೆ ಮಿತಿ ಹೇರುವುದಾಗಿ ಪ್ರಕಟಿಸಿತು. 2020ರ ಏಪ್ರಿಲ್‌ನಲ್ಲಿ, ಈಗಾಗಲೇ ಹಲವು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದೆಂಬ ನಿಯಮ ಬಂದಿತು. ಇವೆರಡೂ ಮಾತಿನ ವಿಷಯವನ್ನು ಮುಟ್ಟದೆ ಅದರ ವೇಗವನ್ನು ಮಾತ್ರ ತಗ್ಗಿಸುವ ಕ್ರಮಗಳು.

ಭಾರತದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ಕಲಬುರಗಿಯಿಂದ ವರದಿಯಾಯಿತು. ಅದೇ ತಿಂಗಳ 11ರಂದು ರಾಜ್ಯ ಸರ್ಕಾರವು 1897ರ ಸಾಂಕ್ರಾಮಿಕ ರೋಗಗಳ ಅಧಿನಿಯಮದಡಿ ವಿನಿಯಮಗಳನ್ನು ಹೊರಡಿಸಿತು. ಸತ್ಯಾಂಶವನ್ನು ಖಚಿತಪಡಿಸಿಕೊಳ್ಳದೆ, ಆರೋಗ್ಯ ಇಲಾಖೆಯ ಪೂರ್ವಾನುಮತಿಯಿಲ್ಲದೆ ಕೋವಿಡ್ ಬಗ್ಗೆ ಮಾಧ್ಯಮಗಳಲ್ಲಿ ತಪ್ಪು ಮಾಹಿತಿ ಪ್ರಸಾರ ಮಾಡಬಾರದೆಂಬ ನಿರ್ಬಂಧವೂ ಅವುಗಳಲ್ಲಿತ್ತು.

2021ರ ಏಪ್ರಿಲ್‌ನಲ್ಲಿ, ಎರಡನೆಯ ಅಲೆಯ ನಡುವೆ, ಮೂಗಿಗೆ ನಿಂಬೆರಸ ಹಾಕಿಕೊಂಡರೆ ಸೋಂಕು ವಾಸಿಯಾಗುತ್ತದೆ ಎಂಬ ಸಲಹೆ ಕನ್ನಡದಲ್ಲಿ ವ್ಯಾಪಕವಾಗಿ ಹರಡಿತು. ಇದನ್ನು ಹೇಳಿದವರಲ್ಲಿ ಮಾಜಿ ಸಂಸದರೊಬ್ಬರೂ ಇದ್ದರು. ರಾಯಚೂರು ಜಿಲ್ಲೆಯಲ್ಲಿ ಒಬ್ಬರು ನಿಂಬೆರಸವನ್ನು ಮೂಗಿಗೆ ಬಿಟ್ಟುಕೊಂಡ ಬಳಿಕ ಮೃತಪಟ್ಟರೆಂದು ಪತ್ರಿಕೆಗಳು ವರದಿ ಮಾಡಿದವು. ಈ ಸಲಹೆಗೆ ವೈಜ್ಞಾನಿಕ ಆಧಾರವಿಲ್ಲವೆಂದು ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿಯ ಸತ್ಯಶೋಧನಾ ಘಟಕವು ತಿಳಿಸಿತು. ಆಸ್ಪತ್ರೆಗಳಲ್ಲಿ ಹಾಸಿಗೆ ಸಿಗದ ಆ ದಿನಗಳಲ್ಲಿ ಮನೆಮದ್ದಿನ ಸಂದೇಶಕ್ಕೆ ಇದ್ದ ಬಲವು ಜನರ ಅಸಹಾಯಕತೆಯಿಂದಲೂ ಬಂದದ್ದಾಗಿತ್ತು.

ಸಂವಿಧಾನದ ಚೌಕಟ್ಟು

ಸಂವಿಧಾನದ 19(1)(ಎ) ವಿಧಿಯು ಎಲ್ಲ ನಾಗರಿಕರಿಗೂ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ನೀಡಿದೆ. ಈ ಹಕ್ಕಿನ ಮೇಲೆ ಯಾವ ಕಾರಣಗಳಿಗಾಗಿ ಯುಕ್ತ ನಿರ್ಬಂಧ ಹೇರಬಹುದೆಂಬುದನ್ನು 19(2)ನೆಯ ವಿಧಿ ಹೇಳುತ್ತದೆ. ದೇಶದ ಸಾರ್ವಭೌಮತ್ವ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳೊಡನೆ ಸ್ನೇಹ ಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಲಯ ನಿಂದನೆ, ಮಾನಹಾನಿ ಮತ್ತು ಅಪರಾಧಕ್ಕೆ ಪ್ರಚೋದನೆ ಎಂಬ ಎಂಟು ಕಾರಣಗಳು ಅಲ್ಲಿವೆ. ಈ ಪಟ್ಟಿಯಲ್ಲಿ ಸಾರ್ವಜನಿಕ ಆರೋಗ್ಯ ಇಲ್ಲ. ಮಾತು ಸುಳ್ಳು ಎಂಬುದೂ ಪ್ರತ್ಯೇಕ ಕಾರಣವಾಗಿ ಇಲ್ಲ.

ಪಟ್ಟಿಗೆ ಹೊರಗಿನಿಂದ ಹೊಸ ಕಾರಣ ಸೇರಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2023ರ ಜನವರಿ 3ರಂದು ಕೌಶಲ್ ಕಿಶೋರ್ ಪ್ರಕರಣದಲ್ಲಿ ಹೇಳಿತು. ಆದುದರಿಂದ ಆರೋಗ್ಯದ ಹೆಸರಿನಲ್ಲಿ ಮಾತನ್ನು ನಿರ್ಬಂಧಿಸುವ ಕಾನೂನು, ಆ ಮಾತಿನಿಂದ ಸಾರ್ವಜನಿಕ ಸುವ್ಯವಸ್ಥೆ ಕೆಡುತ್ತದೆ ಅಥವಾ ಅಪರಾಧಕ್ಕೆ ಪ್ರಚೋದನೆಯಾಗುತ್ತದೆ ಎಂಬಂತಹ ಒಂದು ಕಾರಣವನ್ನು ತೋರಿಸಬೇಕಾಗುತ್ತದೆ.

ವ್ಯಾಪಾರದ ವಿಷಯ ಹಾಗಲ್ಲ. ವೃತ್ತಿ ಮತ್ತು ವ್ಯಾಪಾರದ ಹಕ್ಕನ್ನು ಕೊಡುವ 19(1)(ಜಿ) ವಿಧಿಗೆ ಸಂಬಂಧಿಸಿದ 19(6)ನೆಯ ವಿಧಿಯು ಸಾರ್ವಜನಿಕರ ಹಿತಕ್ಕಾಗಿ ನಿರ್ಬಂಧ ಹೇರಲು ಅವಕಾಶ ನೀಡುತ್ತದೆ. ಆರೋಗ್ಯವು ಸಾರ್ವಜನಿಕ ಹಿತದೊಳಗೆ ಸಹಜವಾಗಿಯೇ ಸೇರುತ್ತದೆ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಕಷಾಯದಿಂದ ಸಕ್ಕರೆ ಕಾಯಿಲೆ ಪೂರ್ಣ ವಾಸಿಯಾಗುತ್ತದೆ ಎಂದು ಜಾಹೀರಾತು ನೀಡಿ ಪುಡಿಯ ಪೊಟ್ಟಣ ಮಾರುವವನ ಮೇಲೆ ಕ್ರಮ ಕೈಗೊಳ್ಳುವುದು ಸುಲಭ. ಅದೇ ಮಾತನ್ನು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುವ ಹಿರಿಯರೊಬ್ಬರು ಕೇವಲ ಅಭಿಪ್ರಾಯ ಹೇಳಿದವರಾಗುತ್ತಾರೆ. ಕೇಳಿದವನಿಗೆ ಆಗುವ ಹಾನಿ ಎರಡೂ ಕಡೆ ಒಂದೇ ಆಗಿದ್ದರೂ ಕಾನೂನಿನ ದೃಷ್ಟಿಯಲ್ಲಿ ಇವು ಬೇರೆ ಬೇರೆ.

ಅನ್ವಯವಾಗುವ ಕಾನೂನುಗಳು

ಜಾಹೀರಾತು ಮತ್ತು ಮಾರಾಟ

1954ರ ಔಷಧಗಳು ಮತ್ತು ಮಾಂತ್ರಿಕ ಪರಿಹಾರಗಳು (ಆಕ್ಷೇಪಾರ್ಹ ಜಾಹೀರಾತುಗಳು) ಅಧಿನಿಯಮವು ಈ ಕ್ಷೇತ್ರದ ಹಳೆಯ ಕಾನೂನು. ಕ್ಯಾನ್ಸರ್, ಮಧುಮೇಹ, ಪಾರ್ಶ್ವವಾಯು, ಅಪಸ್ಮಾರ ಮೊದಲಾದ 54 ಕಾಯಿಲೆ ಮತ್ತು ಸ್ಥಿತಿಗಳನ್ನು ಅದರ ಅನುಸೂಚಿ ಹೆಸರಿಸಿದೆ. ಇವನ್ನು ವಾಸಿಮಾಡುವುದಾಗಿ ಔಷಧದ ಜಾಹೀರಾತು ನೀಡುವಂತಿಲ್ಲ. ತಾಯಿತ, ಮಂತ್ರ, ಕವಚಗಳಿಂದ ರೋಗ ಗುಣವಾಗುತ್ತದೆಂಬ ಜಾಹೀರಾತಿಗೂ ನಿಷೇಧವಿದೆ. ಬಾಯಿಮಾತಿನ ಘೋಷಣೆಯನ್ನೂ, ಬೆಳಕು, ಧ್ವನಿ ಅಥವಾ ಹೊಗೆಯ ಮೂಲಕ ಮಾಡುವ ಪ್ರಕಟಣೆಯನ್ನೂ ಈ ಕಾನೂನು ಜಾಹೀರಾತೆಂದು ಪರಿಗಣಿಸುತ್ತದೆ. ಅಂತರಜಾಲವನ್ನು ಹೆಸರಿಸಿ ಸೇರಿಸುವ ಹಾಗೂ ಶಿಕ್ಷೆಯನ್ನು ಹೆಚ್ಚಿಸುವ ತಿದ್ದುಪಡಿಯ ಕರಡನ್ನು ಕೇಂದ್ರವು 2020ರಲ್ಲಿ ಪ್ರಕಟಿಸಿತ್ತು.

ಈ ಅಧಿನಿಯಮವನ್ನು ಪ್ರಶ್ನಿಸಿದ ಹಮ್‌ದರ್ದ್ ದವಾಖಾನಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1959ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿತು. ನಿಷೇಧಿತ ಔಷಧಗಳ ವ್ಯಾಪಾರಿ ಜಾಹೀರಾತಿಗೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಇಲ್ಲವೆಂದು ಅದು ಹೇಳಿತು. ಆದರೆ ಯಾವುದೇ ರೋಗವನ್ನು ಪಟ್ಟಿಗೆ ಸೇರಿಸಲು ಸರ್ಕಾರಕ್ಕಿದ್ದ ಮಿತಿಯಿಲ್ಲದ ಅಧಿಕಾರವನ್ನೂ, ವಶಪಡಿಸಿಕೊಳ್ಳುವ ಅಧಿಕಾರವನ್ನೂ ರದ್ದುಪಡಿಸಿತು. 1995ರ ಟಾಟಾ ಪ್ರೆಸ್ ಪ್ರಕರಣದಲ್ಲಿ ಜಾಹೀರಾತಿಗೂ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆ ಇದೆಯೆಂದು ಒಪ್ಪಿದ ನ್ಯಾಯಾಲಯವು, ಮೋಸದ ಜಾಹೀರಾತನ್ನು ಅದರಿಂದ ಹೊರಗಿಟ್ಟಿತು.

2019ರ ಗ್ರಾಹಕ ರಕ್ಷಣಾ ಅಧಿನಿಯಮದಡಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಅಪರಾಧ ಮರುಕಳಿಸಿದರೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಜಾಲತಾಣಗಳಲ್ಲಿ ಆರೋಗ್ಯ ಸಲಹೆ ನೀಡುವ ಪ್ರಭಾವಿ ವ್ಯಕ್ತಿಗಳಿಗಾಗಿ 2023ರ ಆಗಸ್ಟ್‌ನಲ್ಲಿ ಮಾರ್ಗಸೂಚಿ ಬಂದಿತು. ವೈದ್ಯರೆಂದು ಹೇಳಿಕೊಳ್ಳುವವರು ತಮ್ಮ ಅರ್ಹತೆಯನ್ನು ತಿಳಿಸಬೇಕು, ಉಳಿದವರು ತಮ್ಮ ಸಲಹೆಯು ವೈದ್ಯರ ಸಲಹೆಗೆ ಬದಲಿಯಲ್ಲವೆಂದು ಸ್ಪಷ್ಟಪಡಿಸಬೇಕು ಎಂಬುದು ಅದರ ಸಾರ.

ಚಿಕಿತ್ಸೆಗೆ ಅಡ್ಡಿಪಡಿಸುವ ಆಚರಣೆಗಳ ಬಗ್ಗೆ ರಾಜ್ಯದ್ದೇ ಕಾನೂನೊಂದಿದೆ. ಹಾವು, ಚೇಳು ಅಥವಾ ನಾಯಿ ಕಚ್ಚಿದವರಿಗೆ ವೈದ್ಯಕೀಯ ಚಿಕಿತ್ಸೆ ದೊರೆಯದಂತೆ ತಡೆದು ಮಂತ್ರ-ತಂತ್ರದ ಚಿಕಿತ್ಸೆ ನೀಡುವುದು ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ಪ್ರತಿಬಂಧಕ ಹಾಗೂ ನಿರ್ಮೂಲನೆ ಅಧಿನಿಯಮ, 2017ರಡಿ ಅಪರಾಧ. ಇಲ್ಲಿ ಶಿಕ್ಷೆಯಾಗುವುದು ನಂಬಿಕೆಗಲ್ಲ, ಚಿಕಿತ್ಸೆಯನ್ನು ತಡೆದ ಕೃತ್ಯಕ್ಕೆ.

ಸಾಮಾನ್ಯರ ಸಂದೇಶಗಳು

2005ರ ವಿಪತ್ತು ನಿರ್ವಹಣಾ ಅಧಿನಿಯಮದ 54ನೆಯ ಪ್ರಕರಣವು ವಿಪತ್ತಿನ ಬಗ್ಗೆ ಸುಳ್ಳು ಎಚ್ಚರಿಕೆ ಹರಡಿ ಜನರಲ್ಲಿ ದಿಗಿಲು ಹುಟ್ಟಿಸುವವರಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಭಾರತೀಯ ದಂಡ ಸಂಹಿತೆಯ 505ನೆಯ ಪ್ರಕರಣವೂ ಇಂಥದ್ದೇ. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯ 353ನೆಯ ಪ್ರಕರಣ ಜಾರಿಯಲ್ಲಿದೆ. ಹೇಳಿದ್ದು ನಿಜವೆಂದು ನಂಬಲು ಸಮಂಜಸ ಕಾರಣವಿದ್ದು, ದುರುದ್ದೇಶವಿಲ್ಲದೆ ಸದ್ಭಾವನೆಯಿಂದ ಹೇಳಿದರೆ ಅದು ಅಪರಾಧವಲ್ಲವೆಂಬ ವಿನಾಯಿತಿ ಎರಡರಲ್ಲಿಯೂ ಇದೆ.

2020ರ ಮಾರ್ಚ್‌ನಲ್ಲಿ ಬೆಂಗಳೂರಿನ ಉದ್ಯೋಗಿಯೊಬ್ಬರು, ಹೊರಗೆ ಬಂದು ಬಾಯಿ ತೆರೆದು ಸೀನಿ ಸೋಂಕು ಹರಡಿರೆಂದು ಜಾಲತಾಣದಲ್ಲಿ ಬರೆದು ಬಂಧನಕ್ಕೊಳಗಾದರು. ಇದು ತಪ್ಪು ಮಾಹಿತಿಯಲ್ಲ, ಹಾನಿಗೆ ನೇರ ಕರೆ. ಇಂಥ ಮಾತನ್ನು ಪ್ರಚೋದನೆಯ ಆಧಾರದ ಮೇಲೆ ತಡೆಯುವುದಕ್ಕೂ, ಮನೆಮದ್ದಿನ ಸಂದೇಶವನ್ನು ಅಪರಾಧವಾಗಿಸುವುದಕ್ಕೂ ಇರುವ ಅಂತರವನ್ನು ಕಾನೂನಿನ ವಿದ್ಯಾರ್ಥಿಗಳು ಗಮನಿಸಬೇಕು.

ಜಾಲತಾಣ ಸಂಸ್ಥೆಗಳ ಹೊಣೆ

2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 79ನೆಯ ಪ್ರಕರಣದಂತೆ, ಬಳಕೆದಾರರು ಹಾಕಿದ ಬರಹಕ್ಕೆ ಜಾಲತಾಣ ಸಂಸ್ಥೆಯು ಸಾಮಾನ್ಯವಾಗಿ ಹೊಣೆಯಲ್ಲ. 2015ರ ಮಾರ್ಚ್ 24ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅಸ್ಪಷ್ಟ ಪದಗಳಿಂದ ಕೂಡಿದ್ದ 66ಎ ಪ್ರಕರಣವನ್ನು ರದ್ದುಗೊಳಿಸಿತು. ನ್ಯಾಯಾಲಯದ ಆದೇಶ ಅಥವಾ ಸರ್ಕಾರದ ಅಧಿಸೂಚನೆ ಬಂದ ನಂತರವೇ ಬರಹ ತೆಗೆಯುವ ಹೊಣೆ ಸಂಸ್ಥೆಯ ಮೇಲೆ ಬೀಳುತ್ತದೆಂದೂ, ಆ ಆದೇಶ 19(2)ನೆಯ ವಿಧಿಯ ಮಿತಿಯೊಳಗಿರಬೇಕೆಂದೂ ಹೇಳಿತು. ಬರಹಗಳನ್ನು ತಡೆಹಿಡಿಯುವ ಅಧಿಕಾರ ಕೊಡುವ 69ಎ ಪ್ರಕರಣದಲ್ಲಿಯೂ ಸಾರ್ವಜನಿಕ ಆರೋಗ್ಯ ಪ್ರತ್ಯೇಕ ಕಾರಣವಾಗಿ ಇಲ್ಲ.

ಕರ್ನಾಟಕ ಉಚ್ಚ ನ್ಯಾಯಾಲಯವು ಈ ವಿಷಯದಲ್ಲಿ ಎರಡು ಮುಖ್ಯ ತೀರ್ಪುಗಳನ್ನು ನೀಡಿದೆ. 69ಎ ಪ್ರಕರಣದಡಿಯ ತಡೆ ಆದೇಶಗಳನ್ನು ಪ್ರಶ್ನಿಸಿದ್ದ ಟ್ವಿಟರ್ ಸಂಸ್ಥೆಯ ಅರ್ಜಿಯನ್ನು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು 2023ರ ಜೂನ್ 30ರಂದು 50 ಲಕ್ಷ ರೂಪಾಯಿ ವೆಚ್ಚ ವಿಧಿಸಿ ವಜಾ ಮಾಡಿದರು. ಬರಹ ತೆಗೆಯುವಂತೆ ಅಧಿಕಾರಿಗಳು ಸೂಚನೆ ಕಳುಹಿಸುವ 'ಸಹಯೋಗ್' ಜಾಲವ್ಯವಸ್ಥೆಯ ವಿರುದ್ಧ ಅದೇ ಸಂಸ್ಥೆ ಎಕ್ಸ್ ಕಾರ್ಪ್ ಹೆಸರಿನಲ್ಲಿ ಸಲ್ಲಿಸಿದ ಅರ್ಜಿಯನ್ನು 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ವಜಾಗೊಳಿಸಿದರು.

ಸತ್ಯಶೋಧನಾ ಘಟಕಗಳ ವಿವಾದ

2023ರ ಏಪ್ರಿಲ್‌ನಲ್ಲಿ ಕೇಂದ್ರವು ಮಾಹಿತಿ ತಂತ್ರಜ್ಞಾನ ನಿಯಮಗಳನ್ನು ತಿದ್ದಿ, ಕೇಂದ್ರ ಸರ್ಕಾರದ ವ್ಯವಹಾರಗಳ ಬಗೆಗಿನ ಸುಳ್ಳು ಮಾಹಿತಿಯನ್ನು ಸರ್ಕಾರದ್ದೇ ಸತ್ಯಶೋಧನಾ ಘಟಕ ಗುರುತಿಸುವ ವ್ಯವಸ್ಥೆ ಮಾಡಿತು. ಹಾಸ್ಯ ಕಲಾವಿದ ಕುನಾಲ್ ಕಾಮ್ರಾ ಮತ್ತಿತರರು ಇದನ್ನು ಬಾಂಬೆ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 2024ರ ಜನವರಿಯಲ್ಲಿ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಭಿನ್ನವಾಯಿತು. ಸೆಪ್ಟೆಂಬರ್‌ನಲ್ಲಿ ಮೂರನೆಯ ನ್ಯಾಯಮೂರ್ತಿ ಎ. ಎಸ್. ಚಂದೂರ್ಕರ್ ಅವರ ಅಭಿಪ್ರಾಯದೊಂದಿಗೆ ಆ ನಿಯಮ ರದ್ದಾಯಿತು.

ಕರ್ನಾಟಕ ಸರ್ಕಾರವೂ 2023ರ ಆಗಸ್ಟ್‌ನಲ್ಲಿ ಸತ್ಯಶೋಧನಾ ಘಟಕ ಸ್ಥಾಪಿಸುವುದಾಗಿ ಪ್ರಕಟಿಸಿತು. ಇಂಥ ಘಟಕವು ಸರ್ಕಾರದಿಂದ ಸ್ವತಂತ್ರವಾಗಿರಬೇಕು ಮತ್ತು ಪತ್ರಕರ್ತರ ದನಿ ಅಡಗಿಸುವ ಸಾಧನವಾಗಬಾರದು ಎಂದು ಭಾರತೀಯ ಸಂಪಾದಕರ ಕೂಟ ಕಳವಳ ವ್ಯಕ್ತಪಡಿಸಿತು.

2025ರ ಕರಡು ಮಸೂದೆ

ಕರ್ನಾಟಕ ತಪ್ಪು ಮಾಹಿತಿ ಮತ್ತು ಸುಳ್ಳು ಸುದ್ದಿ (ನಿಷೇಧ) ಮಸೂದೆಯ ಕರಡು 2025ರ ಜೂನ್‌ನಲ್ಲಿ ಬೆಳಕಿಗೆ ಬಂದಿತು. ಸಾರ್ವಜನಿಕ ಆರೋಗ್ಯ, ಸಾರ್ವಜನಿಕ ಸುರಕ್ಷತೆ, ಶಾಂತಿ ಅಥವಾ ಮುಕ್ತ ಚುನಾವಣೆಗೆ ಧಕ್ಕೆ ತರುವ ತಪ್ಪು ಮಾಹಿತಿಗೆ ಎರಡರಿಂದ ಐದು ವರ್ಷಗಳ ಸೆರೆವಾಸವನ್ನೂ, ಜಾಲತಾಣದಲ್ಲಿ ಸುಳ್ಳು ಸುದ್ದಿ ಹಾಕುವುದಕ್ಕೆ ಏಳು ವರ್ಷದವರೆಗೆ ಸೆರೆವಾಸ ಮತ್ತು 10 ಲಕ್ಷ ರೂಪಾಯಿವರೆಗೆ ದಂಡವನ್ನೂ ಅದು ಸೂಚಿಸಿತ್ತು. ತಿಳಿದೂ ಅಥವಾ ಬೇಜವಾಬ್ದಾರಿಯಿಂದ ಮಾಡುವ ತಪ್ಪು ಹೇಳಿಕೆಗಳೆರಡೂ ಅದರ ವ್ಯಾಪ್ತಿಯಲ್ಲಿದ್ದವು. ಅಭಿಪ್ರಾಯ, ಧಾರ್ಮಿಕ ಪ್ರವಚನ, ವಿಡಂಬನೆ ಮತ್ತು ಹಾಸ್ಯಗಳಿಗೆ ವಿನಾಯಿತಿಯಿತ್ತು. ಸಚಿವರ ಅಧ್ಯಕ್ಷತೆಯ ಪ್ರಾಧಿಕಾರವನ್ನೂ ವಿಶೇಷ ನ್ಯಾಯಾಲಯಗಳನ್ನೂ ಕರಡು ಪ್ರಸ್ತಾಪಿಸಿತ್ತು.

ವ್ಯಾಖ್ಯೆಗಳು ಅಸ್ಪಷ್ಟವಾಗಿವೆ, ಶಿಕ್ಷೆ ಅತಿಯಾಗಿದೆ, ಸತ್ಯವನ್ನು ನಿರ್ಧರಿಸುವ ಅಧಿಕಾರ ಸರ್ಕಾರದ ಕೈ ಸೇರುತ್ತದೆ ಎಂದು ಇಂಟರ್‌ನೆಟ್ ಫ್ರೀಡಂ ಫೌಂಡೇಶನ್ ಮೊದಲಾದ ಸಂಸ್ಥೆಗಳು ಟೀಕಿಸಿದವು. ಅದು ಅಂತಿಮ ಮಸೂದೆಯಲ್ಲ, ಸರ್ಕಾರ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರುದ್ಧವಲ್ಲ ಎಂದು ಮಾಹಿತಿ ತಂತ್ರಜ್ಞಾನ ಸಚಿವ ಪ್ರಿಯಾಂಕ್ ಖರ್ಗೆ ಸ್ಪಷ್ಟಪಡಿಸಿದರು.

ಹಾಸನದ ಹೃದಯಾಘಾತ ಚರ್ಚೆ

ಕರಡಿನ ಚರ್ಚೆ ನಡೆಯುತ್ತಿದ್ದಾಗಲೇ ಹಾಸನ ಜಿಲ್ಲೆಯಲ್ಲಿ ಸುಮಾರು ಒಂದು ತಿಂಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮೃತಪಟ್ಟರೆಂಬ ಸುದ್ದಿ ಹರಡಿತು. ಕೋವಿಡ್ ಲಸಿಕೆಯೇ ಇದಕ್ಕೆ ಕಾರಣವೆಂಬ ಸಂದೇಶಗಳು ಜಾಲತಾಣಗಳಲ್ಲಿ ತುಂಬಿದವು. ಲಸಿಕೆಗೆ ಅವಸರದಲ್ಲಿ ಅನುಮತಿ ನೀಡಿದ್ದೂ ಸಾವುಗಳಿಗೆ ಕಾರಣವಾಗಿರಬಹುದೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು 2025ರ ಜುಲೈ 1ರಂದು ಹೇಳಿದರು. ಇಂಥ ಸಂಬಂಧ ಅಧ್ಯಯನಗಳಲ್ಲಿ ಕಂಡುಬಂದಿಲ್ಲವೆಂದು ಕೇಂದ್ರ ಆರೋಗ್ಯ ಸಚಿವಾಲಯ ಮರುದಿನವೇ ಉತ್ತರಿಸಿತು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ನೇತೃತ್ವದ ರಾಜ್ಯ ಸರ್ಕಾರದ ಸಮಿತಿಯೂ ಲಸಿಕೆಗೂ ಹಠಾತ್ ಸಾವುಗಳಿಗೂ ನೇರ ಸಂಬಂಧವಿಲ್ಲವೆಂದು ವರದಿ ನೀಡಿತು. ಅಷ್ಟರಲ್ಲಿ ಭಯಗೊಂಡ ಜನರು ತಪಾಸಣೆಗಾಗಿ ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದ್ದರು.

ರಾಜ್ಯ ಸರ್ಕಾರದ ಮುಖ್ಯಸ್ಥರ ಹೇಳಿಕೆ ಮತ್ತು ಅದೇ ಸರ್ಕಾರದ ತಜ್ಞರ ವರದಿ ಬೇರೆ ಬೇರೆಯಾದಾಗ ಸರ್ಕಾರಿ ಪ್ರಾಧಿಕಾರವು ಯಾವುದನ್ನು ತಪ್ಪು ಮಾಹಿತಿಯೆಂದು ಗುರುತಿಸಬೇಕಾಗುತ್ತಿತ್ತು ಎಂಬ ಪ್ರಶ್ನೆಯನ್ನು ಈ ಪ್ರಸಂಗ ಎತ್ತುತ್ತದೆ. ಇಲ್ಲಿ ಸಂಗತಿ ತಿಳಿಯಾದದ್ದು ಬಂಧನದಿಂದಲ್ಲ, ಬಹಿರಂಗ ಪ್ರತಿವಾದದಿಂದ ಮತ್ತು ಅಧ್ಯಯನದಿಂದ.

ಯಾದಗಿರಿ ಜಿಲ್ಲೆಯ ಸಂದರ್ಭ

ಕಲಬುರಗಿ ಜಿಲ್ಲೆಯಿಂದ ಬೇರ್ಪಟ್ಟು 2010ರಲ್ಲಿ ಕಾರ್ಯಾರಂಭ ಮಾಡಿದ ಯಾದಗಿರಿ ಜಿಲ್ಲೆಯು ಆರಂಭದಲ್ಲಿ ಯಾದಗಿರಿ, ಶಹಾಪುರ ಮತ್ತು ಸುರಪುರ ಎಂಬ ಮೂರು ತಾಲ್ಲೂಕುಗಳನ್ನು ಹೊಂದಿತ್ತು. 2011ರ ಜನಗಣತಿಯಂತೆ ಜನಸಂಖ್ಯೆ ಸುಮಾರು 11.74 ಲಕ್ಷ. ಸಾಕ್ಷರತೆ ಸುಮಾರು 52 ಶೇಕಡ, ಇದು ರಾಜ್ಯದಲ್ಲಿಯೇ ಕನಿಷ್ಠ. 2018ರಲ್ಲಿ ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ರಾಜ್ಯದಿಂದ ಸೇರಿದ ಎರಡು ಜಿಲ್ಲೆಗಳಲ್ಲಿ ಇದೊಂದು, ಇನ್ನೊಂದು ರಾಯಚೂರು. ತೆಲಂಗಾಣದ ಗಡಿಯಲ್ಲಿರುವ ಈ ಭಾಗದಲ್ಲಿ ಕನ್ನಡದೊಂದಿಗೆ ತೆಲುಗು, ದಖನಿ ಉರ್ದು ಮತ್ತು ಲಂಬಾಣಿ ಮಾತುಗಳೂ ಬಳಕೆಯಲ್ಲಿವೆ.

ಓದು ಬಾರದವರಿಗೂ ಧ್ವನಿ ಸಂದೇಶ ಮತ್ತು ವಿಡಿಯೊ ತಲುಪುತ್ತವೆ, ಆದರೆ ಅದನ್ನು ಅಲ್ಲಗಳೆಯುವ ಅಧಿಕೃತ ಪ್ರಕಟಣೆ ಬಹುಮಟ್ಟಿಗೆ ಬರಹದ ರೂಪದಲ್ಲಿರುತ್ತದೆ. ಆದುದರಿಂದ ಇಂಥ ಜಿಲ್ಲೆಯಲ್ಲಿ ವದಂತಿಯನ್ನು ಎದುರಿಸುವ ಕೆಲಸ ಹೆಚ್ಚಾಗಿ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಮೇಲೆ, ಶಾಲಾ ಶಿಕ್ಷಕರ ಮೇಲೆ ಬೀಳುತ್ತದೆ. ಕೋವಿಡ್ ಲಸಿಕೆಗೆ ಹಿಂಜರಿದ ಹಳ್ಳಿಗಳಲ್ಲಿ ಆರೋಗ್ಯ ಸಿಬ್ಬಂದಿ ಮನೆಮನೆಗೆ ಹೋಗಿ ಮನವೊಲಿಸಬೇಕಾಯಿತು.

ಅಭಿವ್ಯಕ್ತಿ ಸ್ವಾತಂತ್ರ್ಯವು ಆರೋಗ್ಯಕ್ಕೆ ಹೇಗೆ ಸಹಾಯಕ ಎಂಬುದಕ್ಕೂ ಇದೇ ಜಿಲ್ಲೆ ನಿದರ್ಶನ ಒದಗಿಸುತ್ತದೆ. 2022ರ ಅಕ್ಟೋಬರ್‌ನಲ್ಲಿ ಶಹಾಪುರ ತಾಲ್ಲೂಕಿನ ಹೋತಪೇಟೆಯಲ್ಲಿ, 2023ರ ಫೆಬ್ರವರಿಯಲ್ಲಿ ಗುರುಮಠಕಲ್ ತಾಲ್ಲೂಕಿನ ಅನಪುರದಲ್ಲಿ ಕಲುಷಿತ ನೀರು ಕುಡಿದು ಹಲವರು ಅಸ್ವಸ್ಥರಾದರು, ಸಾವುಗಳೂ ವರದಿಯಾದವು. ಇಂಥ ಸಂದರ್ಭಗಳಲ್ಲಿ ನೀರು ಕೆಟ್ಟಿದೆ ಎಂದು ಮೊದಲು ತಿಳಿಯುವವರು ಊರಿನವರೇ. ಪ್ರಯೋಗಾಲಯದ ವರದಿ ಬರುವುದು ನಂತರ. ದೃಢಪಡದ ಆರೋಗ್ಯ ಸುದ್ದಿ ಹಂಚುವುದೇ ಅಪರಾಧವಾದರೆ, ನಲ್ಲಿಯ ನೀರಿನ ಚಿತ್ರ ತೆಗೆದು ಗುಂಪಿಗೆ ಹಾಕಲು ಜನರು ಅಂಜುವ ಸಾಧ್ಯತೆಯಿದೆ.

ವಾದ ಮತ್ತು ಪ್ರತಿವಾದ

ನಿಯಂತ್ರಣವನ್ನು ಬೆಂಬಲಿಸುವವರು, ಆರೋಗ್ಯದ ಸುಳ್ಳು ತಿದ್ದುಪಡಿಗೆ ಕಾಯುವುದಿಲ್ಲ, ಅಷ್ಟರಲ್ಲಿ ಜೀವ ಹೋಗಿರುತ್ತದೆ ಎನ್ನುತ್ತಾರೆ. ಜೀವಿಸುವ ಹಕ್ಕನ್ನು ನೀಡುವ 21ನೆಯ ವಿಧಿಯು ಆರೋಗ್ಯವನ್ನೂ ಒಳಗೊಳ್ಳುತ್ತದೆ ಎಂಬುದು ಅವರ ಇನ್ನೊಂದು ಆಧಾರ. ಲಸಿಕೆ ನಿರಾಕರಿಸಿದವರ ಮನೆಯ ಮಗುವಿನಿಂದ ನೆರೆಮನೆಯ ಮಗುವಿಗೂ ದಡಾರ ಹರಡುತ್ತದೆ. ಹಾಗಾಗಿ ಇದು ಒಬ್ಬರ ಖಾಸಗಿ ನಂಬಿಕೆಯ ವಿಷಯವಾಗಿ ಉಳಿಯುವುದಿಲ್ಲ.

ವಿರೋಧಿಸುವವರು ಮುಖ್ಯವಾಗಿ ಮೂರು ಆಕ್ಷೇಪಗಳನ್ನು ಮುಂದಿಡುತ್ತಾರೆ. ಒಂದು, ಅಸ್ಪಷ್ಟ ಕಾನೂನು ತಪ್ಪಿತಸ್ಥರಿಗಿಂತ ಹೆಚ್ಚಾಗಿ ಟೀಕಾಕಾರರನ್ನು ಹೆದರಿಸುತ್ತದೆ. ಎರಡು, ಆರೋಗ್ಯ ವ್ಯವಸ್ಥೆಯನ್ನು ನಡೆಸುವ ಸರ್ಕಾರವೇ ಅದರ ಬಗೆಗಿನ ಮಾತಿನ ತೀರ್ಪುಗಾರನಾಗುವುದು ನ್ಯಾಯಸಮ್ಮತವಲ್ಲ. ಮೂರು, ಸಂದೇಶದ ಮೂಲವನ್ನು ಪತ್ತೆಹಚ್ಚಬೇಕೆಂಬ 2021ರ ನಿಯಮವು ಖಾಸಗಿ ಸಂಭಾಷಣೆಯ ಗೋಪ್ಯತೆಯನ್ನು ಮುರಿಯುತ್ತದೆ. ಕೊನೆಯ ಆಕ್ಷೇಪದ ಮೇಲೆ ವಾಟ್ಸ್‌ಆ್ಯಪ್ ಸಂಸ್ಥೆಯು ಅದೇ ವರ್ಷ ದೆಹಲಿ ಉಚ್ಚ ನ್ಯಾಯಾಲಯದ ಮೊರೆ ಹೋಯಿತು.

ಸರ್ವೋಚ್ಚ ನ್ಯಾಯಾಲಯದ ಎರಡು ಆದೇಶಗಳು ಈ ಎಳೆದಾಟವನ್ನು ತೋರಿಸುತ್ತವೆ. 2020ರ ಮಾರ್ಚ್ 31ರಂದು ಅದು ವಲಸೆ ಕಾರ್ಮಿಕರ ದಿಗಿಲಿಗೆ ಸುಳ್ಳು ಸುದ್ದಿ ಕಾರಣವೆಂದು ಹೇಳಿ, ಘಟನೆಗಳ ಅಧಿಕೃತ ವಿವರವನ್ನು ಪ್ರಕಟಿಸುವಂತೆ ಮಾಧ್ಯಮಗಳಿಗೆ ಸೂಚಿಸಿತು. 2021ರ ಏಪ್ರಿಲ್ 30ರಂದು, ಆಮ್ಲಜನಕ ಅಥವಾ ಹಾಸಿಗೆ ಬೇಕೆಂದು ಜಾಲತಾಣದಲ್ಲಿ ಬರೆದವರ ಮೇಲೆ ಕ್ರಮ ಕೈಗೊಂಡರೆ ಅದನ್ನು ನ್ಯಾಯಾಲಯ ನಿಂದನೆಯೆಂದು ಪರಿಗಣಿಸುವುದಾಗಿ ಎಚ್ಚರಿಸಿತು.

ಇತರ ದೇಶಗಳು

ಸಿಂಗಪುರವು 2019ರ ಕಾನೂನಿನ ಮೂಲಕ, ಸುಳ್ಳೆಂದು ಕಂಡ ಬರಹದ ಜೊತೆಯಲ್ಲಿಯೇ ತಿದ್ದುಪಡಿ ಪ್ರಕಟಿಸುವಂತೆ ಆದೇಶಿಸುವ ಅಧಿಕಾರವನ್ನು ಸಚಿವರಿಗೆ ನೀಡಿದೆ. ಐರೋಪ್ಯ ಒಕ್ಕೂಟದ ಡಿಜಿಟಲ್ ಸೇವೆಗಳ ಕಾನೂನು ದೊಡ್ಡ ಜಾಲತಾಣ ಸಂಸ್ಥೆಗಳು ಸಾರ್ವಜನಿಕ ಆರೋಗ್ಯಕ್ಕೆ ಒದಗುವ ಅಪಾಯಗಳನ್ನು ತಾವೇ ಅಂದಾಜಿಸಿ ತಗ್ಗಿಸಬೇಕೆನ್ನುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು ರೋಗಿಗಳಿಗೆ ಕೋವಿಡ್ ಕುರಿತು ತಪ್ಪು ಮಾಹಿತಿ ನೀಡುವ ವೈದ್ಯರ ವಿರುದ್ಧ 2022ರಲ್ಲಿ ತಂದ ಕಾನೂನನ್ನು ಮರುವರ್ಷವೇ ಹಿಂಪಡೆಯಿತು.

ದೂರು ಮತ್ತು ಮಾಹಿತಿಯ ದಾರಿಗಳು

ಮೋಸದ ಔಷಧ ಜಾಹೀರಾತಿನ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಅಥವಾ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೆ ದೂರು ನೀಡಬಹುದು. ಬಂದ ಸಂದೇಶ ನಿಜವೇ ಎಂದು ತಿಳಿಯಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಅಥವಾ ರಾಜ್ಯದ ಆರೋಗ್ಯ ಸಹಾಯವಾಣಿ 104ನ್ನು ವಿಚಾರಿಸಬಹುದು. 2021ರ ನಿಯಮಗಳಂತೆ ಪ್ರತಿಯೊಂದು ಜಾಲತಾಣ ಸಂಸ್ಥೆಯೂ ಕುಂದುಕೊರತೆ ಅಧಿಕಾರಿಯನ್ನು ಹೊಂದಿರಬೇಕು. ಹಾನಿಕರ ಬರಹದ ಬಗ್ಗೆ ಬಳಕೆದಾರರು ನೇರವಾಗಿ ಅವರಿಗೂ ತಿಳಿಸಬಹುದು.